ಉಷ್ಣಗ್ರಂಥ ನಿರ್ಣಯ: ಕೊಳ್ಳೇಗಾಲ ಸೀಮೆಯ ಅಭ್ಯಾಸಿಗಳಿಗೆ

ಅಧಿಕಾರಿ ಪ್ರಕರಣ

ಯಾವ ಶಾಸ್ತ್ರವೇ ಆಗಲಿ, ಅದನ್ನು ಓದಲು ಅರ್ಹರು ಯಾರೆಂದು ಮೊದಲು ಹೇಳಿ ಆಮೇಲೆ ಮಾತು ಶುರುಮಾಡಬೇಕೆಂಬುದು ಹಿರಿಯರ ಕಟ್ಟಳೆ. ಸಂಖ್ಯಾಶಾಸ್ತ್ರೀಯ ಉಷ್ಣಗತಿವಿಜ್ಞಾನಕ್ಕೆ ಮೊದಲ ಪುಸ್ತಕ ಯಾವುದೆಂಬ ಈ ನಿರ್ಣಯಕ್ಕೆ ಅಧಿಕಾರಿ ಯಾರೆಂದರೆ, ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳಲ್ಲಿ ಎಲ್ಲಾದರೊಂದು ಕಡೆ ಮನೆಯಿದ್ದು, ಬಿ.ಎಸ್ಸಿ.ಯಲ್ಲಿ ಪಿಸಿಎಂ ತೆಗೆದುಕೊಂಡು, ಪಠ್ಯಪಟ್ಟಿಯಲ್ಲಿ ಮ್ಯಾಕ್ಸ್‌ವೆಲ್, ಬೋಲ್ಟ್ಸ್‌ಮನ್, ಬೋಸ್, ಐನ್‌ಸ್ಟೈನ್, ಫರ್ಮಿ, ಡಿರಾಕ್ ಎಂಬ ಆರು ಹೆಸರುಗಳು ಎರಡೆರಡಾಗಿ ಜೋಡಿ ಕಟ್ಟಿಕೊಂಡು ನಿಂತಿರುವುದನ್ನು ಕಂಡು ಗಾಬರಿಬಿದ್ದವರು. ಗಾಬರಿಯಾಗದವರಿಗೆ ಈ ಪ್ರಬಂಧದಲ್ಲಿ ಅಧಿಕಾರವಿಲ್ಲ.

ಕ್ಷೇತ್ರದ ಗಡಿಯನ್ನೂ ಇಲ್ಲೇ ಗುರುತು ಮಾಡಿಬಿಡೋಣ. ಕೊಳ್ಳೇಗಾಲ 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಕ್ಕದ ಯಳಂದೂರು ಮೈಸೂರು ಸೀಮೆಯದೇ. ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ಸಂದ ಊರು. ಹನೂರು ಇತ್ತೀಚಿನವರೆಗೂ ಕೊಳ್ಳೇಗಾಲ ತಾಲ್ಲೂಕಿನೊಳಗೇ ಇದ್ದು ಈಗ ತನ್ನದೇ ತಾಲ್ಲೂಕು ಮಾಡಿಕೊಂಡಿದೆ. 1997ರಲ್ಲಿ ಚಾಮರಾಜನಗರ ಜಿಲ್ಲೆ ಆಯಿತು, 2023ರಲ್ಲಿ ಚಾಮರಾಜನಗರ ವಿಶ್ವವಿದ್ಯಾಲಯ. ಹೀಗಾಗಿ ಕೊಳ್ಳೇಗಾಲದ ಒಂದೇ ಮನೆಯಲ್ಲಿ ತಾತನಿಗೆ ಮದರಾಸಿನ ಪಠ್ಯಪಟ್ಟಿ, ಮಗನಿಗೆ ಮೈಸೂರಿನದು, ಮೊಮ್ಮಗಳಿಗೆ ಚಾಮರಾಜನಗರದ್ದು. ಮನೆ ಅಲುಗಲಿಲ್ಲ, ವಿಶ್ವವಿದ್ಯಾಲಯಗಳು ಬಂದು ಹೋದವು. ಉಷ್ಣಗತಿವಿಜ್ಞಾನದ ನಿಯಮಗಳು ಮಾತ್ರ ಯಾವ ಪುನರ್ವಿಂಗಡಣಾ ಆಯೋಗದ ಕೈಗೂ ಸಿಕ್ಕಿಲ್ಲ.

ಅಧಿಕಾರಿಗಳಲ್ಲಿ ನಾಲ್ಕು ಜಾತಿ. ಪರೀಕ್ಷಾರ್ಥಿ: ಅಂಕ ಬಂದರೆ ಸಾಕೆನ್ನುವವನು. ಪ್ರವೇಶಾರ್ಥಿ: ಎಂ.ಎಸ್ಸಿ. ಪ್ರವೇಶ ಪರೀಕ್ಷೆಗೆ ನಾಲ್ಕು ಉತ್ತರಗಳಲ್ಲಿ ಸರಿಯಾದದ್ದಕ್ಕೆ ಗುರುತು ಹಾಕುವುದನ್ನು ಕಲಿಯುವವನು. ಜಿಜ್ಞಾಸು: ಬಿಸಿ ನೀರು ತಾನಾಗಿ ಆರುತ್ತದೆ, ಆರಿದ ನೀರು ತಾನಾಗಿ ಯಾಕೆ ಬಿಸಿಯಾಗುವುದಿಲ್ಲ ಎಂದು ಕೇಳಿ ಮನೆಯವರಿಂದ ಬೈಸಿಕೊಂಡವನು. ನಾಲ್ಕನೆಯವನು ಬೋಧಾರ್ಥಿ. ಅತಿಥಿ ಉಪನ್ಯಾಸಕನಾಗಿ ಸೇರಿ, ಸೋಮವಾರದ ಪಾಠವನ್ನು ಭಾನುವಾರ ರಾತ್ರಿ ತಾನೇ ಮೊದಲ ಸಲ ಅರ್ಥಮಾಡಿಕೊಳ್ಳುವವನು. ಶಾಸ್ತ್ರಕಾರರು ಈ ನಾಲ್ಕನೆಯವನನ್ನು ಯಾವಾಗಲೂ ಮರೆಯುತ್ತಾರೆ. ಪುಸ್ತಕದ ಅಂಗಡಿಯವರು ಮರೆಯುವುದಿಲ್ಲ, ಏಕೆಂದರೆ ಕೈಯಿಂದ ದುಡ್ಡು ಹಾಕಿ ಪುಸ್ತಕ ಕೊಳ್ಳುವವನು ಅವನೊಬ್ಬನೇ.

ವಿಷಯ ಪ್ರಕರಣ

ವಿಷಯ ಚಿಕ್ಕದು. ಒಂದು ಲೋಟ ನೀರಿನಲ್ಲಿರುವ ಕಣಗಳನ್ನು ಒಂದೊಂದಾಗಿ ಹಿಂಬಾಲಿಸುವುದು ಆಗದ ಕೆಲಸ. ಆದರೆ ಅವು ಒಟ್ಟು ಎಷ್ಟು ಬಗೆಯಲ್ಲಿ ಇರಬಹುದು ಎಂದು ಎಣಿಸಬಹುದು, ಹಾಗೆ ಎಣಿಸಿದ್ದರಿಂದಲೇ ತಾಪ, ಒತ್ತಡ, ಎಂಟ್ರೊಪಿ ಎಲ್ಲವನ್ನೂ ಪಡೆಯಬಹುದು. 1877ರಲ್ಲಿ ಬೋಲ್ಟ್ಸ್‌ಮನ್ ಇದನ್ನು ಎಣಿಕೆಯಾಗಿ ಕಂಡ. 1902ರಲ್ಲಿ ಅಮೆರಿಕದ ಯೇಲ್‌ನಲ್ಲಿದ್ದ ಗಿಬ್ಸ್ ತನ್ನ ಪುಸ್ತಕದಲ್ಲಿ ಅದಕ್ಕೆ ಚೌಕಟ್ಟು ಹಾಕಿಕೊಟ್ಟು, ಮರುವರ್ಷ ತೀರಿಕೊಂಡ.

ಅದೇ 1902ರಲ್ಲಿ ಕೊಳ್ಳೇಗಾಲದ ಪಕ್ಕದ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹೋಯಿತು. ಎರಡು ಘಟನೆಗೂ ಸಂಬಂಧವಿಲ್ಲ. ಆದರೆ ಪುಸ್ತಕ ಆರಿಸುವವರಿಗೆ ಇಲ್ಲೊಂದು ಸೂಕ್ಷ್ಮವಿದೆ. ಹಳೆಯ ಕ್ರಮದ ಪಠ್ಯಪುಸ್ತಕಗಳು ಉಗಿಯಂತ್ರದಿಂದ ಶುರುವಾಗುತ್ತವೆ: ಕಲ್ಲಿದ್ದಲು, ಬಾಯ್ಲರು, ಕಾರ್ನೋ ಚಕ್ರ, ದಕ್ಷತೆ. ನಮ್ಮ ಸೀಮೆಯ ವಿದ್ಯುತ್ ಕೇಂದ್ರಕ್ಕೆ ಕಲ್ಲಿದ್ದಲೂ ಇಲ್ಲ, ಕಾರ್ನೋನ ಮಿತಿಯೂ ಇಲ್ಲ. ಮೇಲಿಂದ ಬೀಳುವ ಕಾವೇರಿ ಚಕ್ರ ತಿರುಗಿಸುತ್ತಾಳೆ, ಅಷ್ಟೆ. ಉಷ್ಣ ಸ್ಥಾವರ ತಾನು ಹುಟ್ಟಿಸಿದ ಶಾಖದಲ್ಲಿ ಒಂದು ಪಾಲನ್ನು ಮಾತ್ರ ವಿದ್ಯುತ್ತಾಗಿಸಬಲ್ಲದು. ಜಲವಿದ್ಯುತ್ತಿಗೆ ಆ ಕಾಟವೇ ಇಲ್ಲ. ಮೂರು ತಾಲ್ಲೂಕುಗಳಲ್ಲಿ ರೈಲ್ವೆ ಹಳಿಯೂ ಇಲ್ಲ. ಉಗಿಬಂಡಿಯಿಂದ ಆರಂಭವಾಗುವ ಪುಸ್ತಕ ಇಲ್ಲಿಯ ವಿದ್ಯಾರ್ಥಿಗೆ ಊರಿನಲ್ಲಿಲ್ಲದ ವಸ್ತುವಿನಿಂದ ಪಾಠ ಶುರುಮಾಡುತ್ತದೆ. ಇರುವುದು ರೇಷ್ಮೆಗೂಡು ಬೇಯಿಸುವ ಕಡಾಯಿ. ಅದನ್ನು ಯಾವ ಪುಸ್ತಕವೂ ಮೊದಲ ಅಧ್ಯಾಯಕ್ಕೆ ತಂದಿಲ್ಲ.

ಭೇದ ಪ್ರಕರಣ

ಉಷ್ಣಗ್ರಂಥಗಳು ಮೂಲತಃ ಎರಡು ಬಗೆ: ಉಷ್ಣಾದಿ, ಎಣಿಕಾದಿ. ಉಷ್ಣಾದಿ ಗ್ರಂಥ ಶಾಖದಿಂದ ಹೊರಟು ನಿಯಮಗಳನ್ನು ದಾಟಿ, ಕೊನೆಯಲ್ಲಿ ಉಸಿರುಬಿಡುತ್ತ ಎಣಿಕೆಗೆ ಬರುತ್ತದೆ. ಎಣಿಕಾದಿ ಗ್ರಂಥ ಮೊದಲ ದಿನವೇ ಎಣಿಸಲು ಕೂರಿಸಿ, ತಾಪ ಎಂಬುದು ಎಣಿಕೆಯ ಮಗು ಎಂದು ತೋರಿಸುತ್ತದೆ. ಮಿಶ್ರ ಎಂಬ ಮೂರನೆಯದನ್ನು ಕೆಲವರು ಹೇಳುತ್ತಾರೆ. ಅದರ ವಿಚಾರ ಮುಂದೆ ಬರುತ್ತದೆ.

ಉಷ್ಣಾದಿಯಲ್ಲಿ ನಮ್ಮ ಸೀಮೆಯವರು ಹೆಚ್ಚಾಗಿ ಕಾಣುವುದು ಬ್ರಿಜ್ ಲಾಲ್ ಮತ್ತು ಸುಬ್ರಹ್ಮಣ್ಯಂ ಅವರ ಪುಸ್ತಕ, ಎಸ್. ಚಾಂದ್ ಪ್ರಕಟಣೆ. ಇದನ್ನು ಹೀಗಳೆಯುವುದು ಪಂಡಿತರ ಫ್ಯಾಷನ್ನು, ನಾವು ಹೀಗಳೆಯುವುದಿಲ್ಲ. ಪರೀಕ್ಷೆಯಲ್ಲಿ ಯಾವ ಪ್ರಶ್ನೆ ಬರುತ್ತದೆಯೋ ಅದಕ್ಕೆ ಉತ್ತರ ಇದರಲ್ಲಿ ಸಿದ್ಧವಾಗಿ ಕೂತಿರುತ್ತದೆ. ಕೊರತೆ ಒಂದೇ: ಆ ಪ್ರಶ್ನೆ ಯಾರಿಗಾದರೂ ಯಾಕೆ ಹುಟ್ಟಿತು ಎಂಬುದು ತಿಳಿಯುವುದಿಲ್ಲ. ಅದೇ ಕುಲದ ಹಿರಿಯರು ಮೇಘನಾದ ಸಹಾ ಮತ್ತು ಶ್ರೀವಾಸ್ತವ. ನಕ್ಷತ್ರಗಳ ಅಯಾನೀಕರಣಕ್ಕೆ 1920ರಲ್ಲಿ ಸಮೀಕರಣ ಕೊಟ್ಟ ಸಹಾ 1930ರ ದಶಕದಲ್ಲಿ ಶಾಖದ ಬಗ್ಗೆ ಬರೆದ ದಪ್ಪ ಗ್ರಂಥ ಹಳೆಯ ಕಾಲೇಜುಗಳ ಬೀರುಗಳಲ್ಲಿ ಇನ್ನೂ ಅಲ್ಲಲ್ಲಿ ಸಿಗುತ್ತದೆ. ಸಿಕ್ಕರೆ ತೆಗೆದು ನೋಡಿ. ಈ ದೇಶದ ಮನುಷ್ಯನೊಬ್ಬ ಈ ಶಾಸ್ತ್ರಕ್ಕೆ ತಾನೇ ಒಂದು ಸೂತ್ರ ಸೇರಿಸಿ ಆಮೇಲೆ ಪಠ್ಯಪುಸ್ತಕ ಬರೆದಿದ್ದಾನೆ ಎಂಬ ಧೈರ್ಯ ಬರುತ್ತದೆ.

ಸಿಯರ್ಸ್ ಮತ್ತು ಸಾಲಿಂಜರ್ ಅವರದು ಉಷ್ಣಾದಿಯೊಳಗಿನ ಸಾಧು ಜಾತಿ. ಮೊದಲು ಉಷ್ಣಗತಿ, ಆಮೇಲೆ ಅನಿಲದ ಚಲನ ಸಿದ್ಧಾಂತ, ಕೊನೆಗೆ ಎಣಿಕೆ. ಯಾವ ಮೆಟ್ಟಿಲನ್ನೂ ಹಾರುವುದಿಲ್ಲ. ಅದರಿಂದಲೇ ಕೆಲವರಿಗೆ ಕೊನೆಯ ಮೆಟ್ಟಿಲು ತಲುಪುವುದರೊಳಗೆ ಸೆಮಿಸ್ಟರು ಮುಗಿದಿರುತ್ತದೆ. ಫರ್ಮಿಯ 1937ರ ಪುಟ್ಟ ಪುಸ್ತಕವೂ ಉಷ್ಣವನ್ನೇ ಹೇಳುತ್ತದೆ, ಎಣಿಕೆಗೆ ಕೈಹಾಕುವುದೇ ಇಲ್ಲ ಎನ್ನಬೇಕು. ಆದರೆ ಎರಡನೆಯ ನಿಯಮವನ್ನು ಅಷ್ಟು ಕಡಿಮೆ ಮಾತಿನಲ್ಲಿ ಹೇಳಿದವರು ವಿರಳ.

ಇನ್ನು ಎಣಿಕಾದಿ. ಇಲ್ಲಿ ನಾವು ಸ್ವಲ್ಪ ಕೂತು ಮಾತಾಡಬೇಕು.

ರೈಫ್ ಬರೆದ 1965ರ ಪುಸ್ತಕ ಆರುನೂರು ಪುಟ ದಾಟುತ್ತದೆ. ಕುಡಿದವನೊಬ್ಬ ಎಡಕ್ಕೋ ಬಲಕ್ಕೋ ಹೆಜ್ಜೆ ಹಾಕುತ್ತ ಎಲ್ಲಿಗೆ ಮುಟ್ಟುತ್ತಾನೆ ಎಂಬ ಲೆಕ್ಕದಿಂದ ಆರಂಭ. ಆರಂಭ ಚೆನ್ನ, ತರ್ಕ ಗಟ್ಟಿ, ಆದರೆ ಪ್ರತಿಯೊಂದು ಮಾತನ್ನೂ ಹಿಂದೆ ಮುಂದೆ ಸುತ್ತಿ ಹೇಳುವ ಅಭ್ಯಾಸ. ಪಿಯುಸಿಯವರೆಗೆ ಕನ್ನಡದಲ್ಲಿ ಓದಿ ಬಂದವರಿಗೆ ಭೌತಶಾಸ್ತ್ರಕ್ಕಿಂತ ಮೊದಲು ಆ ಇಂಗ್ಲಿಷ್ ವಾಕ್ಯವೇ ಘಾಟಿಯಾಗುತ್ತದೆ. ಇದೇ ರೈಫ್ ಬರ್ಕ್‌ಲಿ ಮಾಲೆಯ ಐದನೆಯ ಸಂಪುಟವನ್ನೂ 1967ರಲ್ಲಿ ಬರೆದ. ಅದು ಚಿಕ್ಕದು, ಇನ್ನೂ ಸರಳ. ದೊಡ್ಡದಕ್ಕೆ ಮೊದಲು ಅದನ್ನು ಹುಡುಕುವುದು ಬುದ್ಧಿವಂತಿಕೆ.

ಕಿಟ್ಟೆಲ್ ಮತ್ತು ಕ್ರೋಮರ್ ಅವರ ಪುಸ್ತಕ ಇನ್ನೊಂದು ಬಗೆಯ ಪರೀಕ್ಷೆ ಒಡ್ಡುತ್ತದೆ. ಮೊದಲ ಅಧ್ಯಾಯದಲ್ಲೇ ಮೇಲೆ ಕೆಳಗೆ ಮುಖ ಮಾಡಿದ ಸ್ಪಿನ್‌ಗಳನ್ನು ಎಣಿಸಲು ಹಚ್ಚುತ್ತಾರೆ, ಅದು ಸೊಗಸು. ಆದರೆ ಎಂಟ್ರೊಪಿಗೆ ಬೋಲ್ಟ್ಸ್‌ಮನ್ ಸ್ಥಿರಾಂಕ ಸೇರಿಸದೆ ಬರೀ ಲಾಗರಿತಮ್ ಇಡುತ್ತಾರೆ, ತಾಪವನ್ನು ಶಕ್ತಿಯ ಅಳತೆಯಲ್ಲಿ ಅಳೆಯುತ್ತಾರೆ. ತತ್ತ್ವಕ್ಕೆ ಅದು ಸರಿ. ಪರೀಕ್ಷೆಯಲ್ಲಿ ಹಾಗೆ ಬರೆದರೆ ಮೌಲ್ಯಮಾಪಕರು ಸ್ಥಿರಾಂಕ ಎಲ್ಲಿ ಎಂದು ಅಂಕ ಕತ್ತರಿಸುತ್ತಾರೆ.

ಡೇನಿಯಲ್ ಶ್ರೋಡರ್ ಅವರ ಪುಸ್ತಕ 2000ದ್ದು. ನಾವು ಮುಂದೂಡಿದ ಮಿಶ್ರ ಜಾತಿ ನಿಜವಾಗಿ ಉಂಟು ಎನ್ನುವುದಕ್ಕೆ ಇದೇ ಸಾಕ್ಷಿ. ಮೊದಲ ಅಧ್ಯಾಯದಲ್ಲಿ ಶಾಖ, ಎರಡನೆಯದರಲ್ಲಿ ಐನ್‌ಸ್ಟೈನ್ ಘನವಸ್ತುವಿನ ಎಣಿಕೆ, ಮೂರನೆಯದರಲ್ಲಿ ಎರಡೂ ಕೈಕುಲುಕುತ್ತವೆ. ವಾಕ್ಯಗಳು ಗಿಡ್ಡ. ಹಾಸ್ಯವೂ ಅಲ್ಲಲ್ಲಿ ಉಂಟು. ಹೆಸರಾಂತ ಪಂಡಿತರು ಇದು ತೀರಾ ಸುಲಭ ಎನ್ನುತ್ತಾರೆ; ಪಂಡಿತರು ಸುಲಭ ಎಂದದ್ದನ್ನು ಜಿಜ್ಞಾಸು ಕಣ್ಣುಮುಚ್ಚಿ ಕೊಳ್ಳಬಹುದು. ಸ್ಟೀಫನ್ ಮತ್ತು ಕ್ಯಾಥರಿನ್ ಬ್ಲಂಡೆಲ್ ಬರೆದ 2006ರ ಪುಸ್ತಕವೂ ಹತ್ತಿರದ ನೆಂಟ. ಅಧ್ಯಾಯಗಳು ಪುಟ್ಟವು, ಬಸ್ಸು ಹತ್ತಿ ಇಳಿಯುವುದರೊಳಗೆ ಒಂದು ಮುಗಿಯುತ್ತದೆ.

ಕೃಶ ಗ್ರಂಥ ಎಂಬ ಉಪಭೇದಕ್ಕೆ ಶ್ರೋಡಿಂಗರ್ ಮಾದರಿ. ಡಬ್ಲಿನ್ನಿನಲ್ಲಿ 1944ರಲ್ಲಿ ಮಾಡಿದ ಉಪನ್ಯಾಸಗಳು 1946ರಲ್ಲಿ ಪುಸ್ತಕವಾದವು. ನೂರು ಪುಟವೂ ಇಲ್ಲ. ರಾಜ್ಯದ ಅತಿ ಚಿಕ್ಕ ತಾಲ್ಲೂಕುಗಳಲ್ಲೊಂದಾದ ಯಳಂದೂರಿನವರು ಇದನ್ನು ಗಾತ್ರದಿಂದ ಅಳೆಯಲಾರರು. ಸಂಚಿ ಹೊನ್ನಮ್ಮನನ್ನೂ ಅಗರದ ನಾಟಕಕಾರ ಸಂಸರನ್ನೂ ಕೊಟ್ಟ ನೆಲಕ್ಕೆ ಚಿಕ್ಕದರೊಳಗೆ ಎಷ್ಟು ಹಿಡಿಯುತ್ತದೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಎಚ್ಚರ: ಪುಸ್ತಕ ತೆಳ್ಳಗಿದ್ದಷ್ಟೂ ಒಂದು ಪುಟಕ್ಕೆ ಹಿಡಿಯುವ ರಾತ್ರಿಗಳು ಜಾಸ್ತಿ. ಮೊದಲ ಪುಸ್ತಕವಾಗಿ ಇದನ್ನು ಕೊಂಡವರು ಬಹುಪಾಲು ಹದಿನೈದನೆಯ ಪುಟದ ಆಸುಪಾಸಿನಲ್ಲಿ ನೆಲೆಸಿದ್ದಾರೆ.

ಮನೆತನದ ಭೇದವನ್ನೂ ಹೇಳಬೇಕು. ಪಿಸಿಎಂ ವಿದ್ಯಾರ್ಥಿಗೆ ಇದೇ ಶಾಸ್ತ್ರ ಎರಡು ಮನೆಗಳಿಂದ ಬರುತ್ತದೆ. ಭೌತಶಾಸ್ತ್ರದ ಕೊಠಡಿಯಲ್ಲಿ ಝಡ್ ಎಂಬ ಅಕ್ಷರ ಹೊತ್ತು ಬಂದ ಪಾರ್ಟಿಷನ್ ಫಂಕ್ಷನ್ ಎಂಬ ಮೊತ್ತವೇ ರಸಾಯನಶಾಸ್ತ್ರದ ಕೊಠಡಿಯಲ್ಲಿ ಕ್ಯೂ ಆಗಿ ಕಾಣಿಸಿಕೊಳ್ಳುತ್ತದೆ. ಇಬ್ಬರೂ ಒಬ್ಬನೇ ಎಂದು ಗೊತ್ತಾಗುವುದು ಕೆಲವರಿಗೆ ಎಂ.ಎಸ್ಸಿ.ಯಲ್ಲಿ, ಕೆಲವರಿಗೆ ಪಾಠ ಮಾಡಲು ಶುರುಮಾಡಿದ ಮೇಲೆ. ರಸಾಯನ ಮನೆತನದ ಹಿರಿಯ ಟೆರೆಲ್ ಹಿಲ್. ಅವರ 1960ರ ಪುಸ್ತಕದ ಹೊದಿಕೆಯ ಮೇಲೆ ಪ್ರವೇಶಿಕೆ ಎಂಬ ಅರ್ಥದ ಮಾತಿದೆ. ಆದರೆ ಒಳಗೆ ಹೋದವರಿಗೆ ಕ್ವಾಂಟಂ ಸಿದ್ಧಾಂತ ಮೊದಲೇ ಸ್ವಲ್ಪ ಗೊತ್ತಿರಬೇಕು, ಉಷ್ಣಗತಿವಿಜ್ಞಾನವೂ ಗೊತ್ತಿರಬೇಕು. ಆದರೂ ಹಿಲ್ ನಮ್ಮ ಸೀಮೆಗೆ ಪ್ರಿಯನಾಗಬೇಕಾದವನು. ಅವನಲ್ಲಿ ಉದ್ದನೆಯ ಸರಪಣಿಯಂಥ ಅಣುಗಳ ಮೇಲೂ ರಬ್ಬರಿನ ಹಿಗ್ಗುವಿಕೆಯ ಮೇಲೂ ಒಂದು ಅಧ್ಯಾಯವೇ ಇದೆ. ಎಳೆದು ಕಟ್ಟಿದ ರಬ್ಬರು ಪಟ್ಟಿಗೆ ತೂಕ ತೂಗುಹಾಕಿ ಬಿಸಿ ಮಾಡಿದರೆ ಅದು ಉದ್ದವಾಗುವುದಿಲ್ಲ, ಕುಗ್ಗುತ್ತದೆ. ಸರಪಣಿ ಮುದುಡಿಕೊಳ್ಳಲು ಇರುವ ಬಗೆಗಳು ಹೆಚ್ಚು, ನೆಟ್ಟಗಿರಲು ಇರುವ ಬಗೆಗಳು ಕಡಿಮೆ ಎಂಬ ಎಣಿಕೆಯೇ ಅದಕ್ಕೆ ಕಾರಣ.

ಕೊಳ್ಳೇಗಾಲದ ಬಿಚ್ಚಾಣಿಕೆದಾರರ ಮನೆಯಿಂದ ಬಂದ ವಿದ್ಯಾರ್ಥಿ ಇಲ್ಲಿ ಕೈಯೆತ್ತಿ ಕೇಳುತ್ತಾನೆ: ರೇಷ್ಮೆ ಎಳೆಯೂ ಸರಪಣಿಯೇ ಅಲ್ಲವೇ, ಅದೇಕೆ ರಬ್ಬರಿನಂತೆ ಆಡುವುದಿಲ್ಲ? ಪ್ರಶ್ನೆ ಚಿನ್ನದಂಥದ್ದು. ರೇಷ್ಮೆಯ ಪ್ರೋಟೀನು ಅಲ್ಲಲ್ಲಿ ಹಾಳೆ ಹಾಳೆಯಾಗಿ ಸ್ಫಟಿಕಗಟ್ಟಿ ಬಿಗಿದುಕೊಂಡಿರುತ್ತದೆ, ಸರಪಣಿಗೆ ಮುದುಡುವ ಸ್ವಾತಂತ್ರ್ಯವಿಲ್ಲ. ಬಿಸಿನೀರಿನಲ್ಲಿ ಮೆತ್ತಗಾಗುವುದು ಮೇಲಿನ ಸೆರಿಸಿನ್ ಅಂಟು ಮಾತ್ರ. ಅದು ಮೆತ್ತಗಾದಾಗಲೇ ಒಂದು ಕಿಲೋಮೀಟರಿನ ಆಸುಪಾಸಿನ ಎಳೆ ಗೂಡಿನಿಂದ ಬಿಚ್ಚಿಕೊಂಡು ಬರುತ್ತದೆ. ಇಂಥ ಪ್ರಶ್ನೆಗೆ ಹಾದಿ ತೋರಿಸುವ ಪುಸ್ತಕ ಇನ್ನೊಂದಿದೆ, ಡಿಲ್ ಮತ್ತು ಬ್ರೋಂಬರ್ಗ್ ಅವರದು. ಪ್ರೋಟೀನು, ಪಾಲಿಮರು, ನೀರು ಇವೇ ಅದರ ಪಾತ್ರಗಳು. ಇದೇ ಮನೆತನದ ಮೆಕ್‌ಕ್ವಾರಿಯ ಪುಸ್ತಕ 1976ರದು, ಲೆಕ್ಕಗಳ ಕಣಜ.

ಯಂತ್ರ ಮನೆತನದವರ ಪುಸ್ತಕಗಳನ್ನು ಇಲ್ಲಿ ಬಿಡುತ್ತೇವೆ. ಅವರಿಗೆ ಕೆಲಸ ಸಿಗುತ್ತದೆ, ನಮ್ಮ ನಿರ್ಣಯ ಬೇಡ. ಪಥ್ರಿಯಾ, ಹುವಾಂಗ್, ಲ್ಯಾಂಡೌ ಮತ್ತು ಲಿಫ್ಷಿಟ್ಸ್ ಇವರು ಆರಾಧನಾ ವರ್ಗ: ಬೀರುವಿನಲ್ಲಿ ಇಟ್ಟು ನಮಸ್ಕರಿಸಿ, ಎಂ.ಎಸ್ಸಿ. ಸೇರಿದ ಮೇಲೆ ತೆಗೆಯಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇ.ಎಸ್. ರಾಜಗೋಪಾಲ್ 1974ರಲ್ಲಿ ಬರೆದ ಪುಸ್ತಕವನ್ನು ಆ ವರ್ಗಕ್ಕೆ ಸೇರಿಸದೆ ಪಕ್ಕದಲ್ಲಿಡುತ್ತೇವೆ. ಪ್ರಯೋಗಾಲಯದಲ್ಲಿ ಕೈ ತಣ್ಣಗೆ ಮಾಡಿಕೊಂಡವರು ಬರೆದ ಎಣಿಕೆಗೆ ಬೇರೆಯೇ ರುಚಿ.

ಪ್ರಮಾಣ ಪ್ರಕರಣ

ಪುಸ್ತಕ ಒಳ್ಳೆಯದೆಂದು ತಿಳಿಯುವುದು ಹೇಗೆ? ಪ್ರಮಾಣಗಳು ಆರು.

ಪ್ರತ್ಯಕ್ಷ: ಪುಸ್ತಕವನ್ನು ಕೈಗೆ ತೆಗೆದುಕೊಂಡು ತಾಪ ಎಂದರೇನೆಂದು ಹೇಳುವ ಪುಟವನ್ನು ಹುಡುಕಬೇಕು. ಬಿಸಿಯ ಅಳತೆ ಎಂದು ಹೇಳಿ ಮುಂದೆ ಹೋದರೆ ಉಷ್ಣಾದಿ. ಶಕ್ತಿ ಸ್ವಲ್ಪ ಹೆಚ್ಚಾದಾಗ ಎಂಟ್ರೊಪಿ ಎಷ್ಟು ಹೆಚ್ಚುತ್ತದೆ ಎಂಬುದರ ತಲೆಕೆಳಗು ಎಂದರೆ ಎಣಿಕಾದಿ. ಎರಡನ್ನೂ ಹೇಳಿ, ಮೊದಲನೆಯದು ಎರಡನೆಯದು ಹೇಗಾಯಿತು ಎಂದು ತೋರಿಸಿದರೆ ಬೆಲೆ ಕೇಳಬಹುದು.

ಅನುಮಾನ: ತರ್ಕಶಾಸ್ತ್ರದವರು ಬೆಟ್ಟದಲ್ಲಿ ಹೊಗೆ ಕಂಡು ಬೆಂಕಿಯನ್ನು ಊಹಿಸುತ್ತಾರೆ. ಬಿಳಿಗಿರಿ ಕಾಣುವ ಊರುಗಳಲ್ಲಿ ಬೇಸಿಗೆಯ ಹೊತ್ತಿಗೆ ಇದು ಪಾಠದ ಉದಾಹರಣೆಯಲ್ಲ, ಅರಣ್ಯ ಇಲಾಖೆಯವರ ನಿದ್ದೆಗೆಡಿಸುವ ಸಂಗತಿ. ಗ್ರಂಥದಲ್ಲಿ ಹೊಗೆ ಎಂದರೆ ಪುಟದ ಮಾಸಿದ ಅಂಚು. ಗ್ರಂಥಾಲಯದ ಪ್ರತಿಯಲ್ಲಿ ಮೊದಲ ಮೂವತ್ತು ಪುಟ ಮಾತ್ರ ಮಾಸಿದ್ದು ಉಳಿದದ್ದು ಹೊಸದರಂತಿದ್ದರೆ, ಹಿಂದೆ ಓದಿದವರೆಲ್ಲ ಅಲ್ಲೇ ಕೈಬಿಟ್ಟರೆಂದು ಊಹಿಸಬೇಕು. ಅಂಚಿನ ಕೊಳೆ ನಡುವಿನವರೆಗೂ ಹೋಗಿದ್ದು, ಪೆನ್ಸಿಲ್ಲಿನಲ್ಲಿ ಕನ್ನಡದ ಅರ್ಥಗಳೂ ಇದ್ದರೆ, ಅದು ಈ ಸೀಮೆಗೆ ಒಗ್ಗಿದ ಪುಸ್ತಕ.

ಉಪಮಾನ: ಗವಯ ಎಂಬ ಮೃಗ ಹಸುವಿನಂತಿರುತ್ತದೆ ಎಂದು ಕೇಳಿದವನು ಕಾಡಿನಲ್ಲಿ ಅದನ್ನು ಕಂಡು ಗುರುತಿಸುತ್ತಾನಂತೆ. ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಕಾಟಿಯನ್ನು ಎದುರಿಗೆ ಕಂಡವರು ಈ ಪ್ರಮಾಣದ ದೋಷವನ್ನು ಚೆನ್ನಾಗಿ ಬಲ್ಲರು: ಹೋಲಿಕೆ ನಿಜ, ಆದರೆ ಓಡಬೇಕೆಂಬುದನ್ನು ಹೋಲಿಕೆ ಹೇಳಿಕೊಡುವುದಿಲ್ಲ. ಹಿಲ್ ಕೂಡ ಶ್ರೋಡರ್‌ನಂತೆಯೇ ಎಂಬ ಮಾತು ಈ ಜಾತಿಯದು.

ಶಬ್ದ: ಸೀನಿಯರ್‌ಗಳ ವಾಕ್ಯ. "ಅಣ್ಣ, ಯಾವ ಬುಕ್ ತಗಳ್ಲಿ?" "ಬುಕ್ಕು ಯಾಕ್ಲಾ? ನೋಟ್ಸ್ ಅವಲ್ಲ, ಅಷ್ಟೇ ಸಾಕು ಕಣ್ಲಾ." ಆಪ್ತವಾಕ್ಯ ಪ್ರಮಾಣವೇ, ಸಂದೇಹವಿಲ್ಲ, ಆದರೆ ಆಪ್ತನು ಆ ಪೇಪರಿನಲ್ಲಿ ಪಾಸಾಗಿರಬೇಕು ಎಂಬುದು ನಮ್ಮ ತಿದ್ದುಪಡಿ.

ಅರ್ಥಾಪತ್ತಿ: ಹಗಲು ಊಟ ಮಾಡದ ದೇವದತ್ತ ದಪ್ಪಗಿದ್ದಾನೆಂದರೆ ರಾತ್ರಿ ತಿನ್ನುತ್ತಾನೆಂದು ಮೀಮಾಂಸಕರು ಕಂಡುಕೊಂಡರು. ಹಗಲು ಪುಸ್ತಕ ಮುಟ್ಟದ ಉಪನ್ಯಾಸಕ ತರಗತಿಯಲ್ಲಿ ತಡವರಿಸದೆ ಪಾಠ ಮಾಡುತ್ತಾನೆಂದರೆ ರಾತ್ರಿ ಯಾವುದೋ ಪುಸ್ತಕ ಓದುತ್ತಿದ್ದಾನೆ. ಅದು ಯಾವುದೆಂದು ಪತ್ತೆ ಮಾಡುವುದೇ ಜಾಣ ವಿದ್ಯಾರ್ಥಿಯ ಲಕ್ಷಣ. ಅವನು ತರಗತಿಯಲ್ಲಿ ಹೆಸರಿಸುವ ಪುಸ್ತಕ ಅದಲ್ಲ.

ಅನುಪಲಬ್ಧಿ: ಇಲ್ಲದಿರುವುದರಿಂದ ತಿಳಿಯುವುದು. ಗ್ರಂಥಾಲಯದ ಯಾದಿಯಲ್ಲಿ ಹೆಸರಿದ್ದು ಬೀರುವಿನಲ್ಲಿ ಯಾವಾಗ ನೋಡಿದರೂ ಇಲ್ಲದ ಪುಸ್ತಕವೇ ಉತ್ತಮ ಪುಸ್ತಕ. ಈ ಪ್ರಮಾಣ ತಪ್ಪಿದ್ದನ್ನು ನಾವು ಕಂಡಿಲ್ಲ.

ಪರೀಕ್ಷಾ ಪ್ರಕರಣ

ಪ್ರಮಾಣಗಳು ಆರಿದ್ದರೂ ಕೊನೆಗೆ ಕೈಯಾರೆ ಒಂದು ಪರೀಕ್ಷೆ ಮಾಡದೆ ತೃಪ್ತಿಯಾಗದು. ಎರಡು ಪರೀಕ್ಷೆಗಳನ್ನು ಹೇಳುತ್ತೇವೆ.

ಮೊದಲನೆಯದು ಅಳಗುಳಿ ಪರೀಕ್ಷೆ. ಅಳಗುಳಿ ಮಣೆಯಲ್ಲಿ ನಾಲ್ಕೇ ಗುಳಿ ಇಟ್ಟುಕೊಳ್ಳಿ: ಎರಡು ನಿಮ್ಮವು, ಎರಡು ನಮ್ಮವು. ಒಂದನ್ನೊಂದು ಗುರುತಿಸಲಾಗದಂಥ ಆರು ಹುಣಸೆಬೀಜ. ಗುಳಿಗಳೇ ಕಂಪಿಸುವ ಪರಮಾಣುಗಳು, ಬೀಜಗಳೇ ಶಕ್ತಿಯ ತುಣುಕುಗಳು. ಒಟ್ಟು ಎಷ್ಟು ಬಗೆಯಲ್ಲಿ ಹಾಕಬಹುದು? 84. ಆರೂ ನಿಮ್ಮ ಕಡೆಯೇ ಇರುವ ಬಗೆ 7. ಐದು ನಿಮಗೆ ಒಂದು ನಮಗೆ ಆದರೆ 12, ನಾಲ್ಕು ಎರಡಾದರೆ 15, ಮೂರು ಮೂರು ಆದರೆ 16. ಆಮೇಲೆ ಮತ್ತೆ ಇಳಿಯುತ್ತದೆ: 15, 12, 7. ಯಾರೂ ನ್ಯಾಯ ಹೇಳಲಿಲ್ಲ, ಯಾರೂ ತಳ್ಳಲಿಲ್ಲ. ಎಲ್ಲ ಬಗೆಗಳೂ ಸಮಸಂಭವ ಎಂದಿಷ್ಟು ಒಪ್ಪಿಕೊಂಡರೆ ಸಾಕು, ಬೀಜಗಳು ಸರಿಸಮನಾಗಿ ಹಂಚಿಕೊಳ್ಳುವ ಕಡೆಗೆ ವಾಲುತ್ತವೆ. ನಾಲ್ಕು ಗುಳಿಗಳಲ್ಲಿ ಈ ವಾಲಿಕೆ ತೀರಾ ಅಲ್ಪ. ಏಳೂ ಹದಿನಾರೂ ಅಷ್ಟೇನು ದೂರವಿಲ್ಲ. ಗುಳಿಗಳ ಸಂಖ್ಯೆ ಲೋಟದ ನೀರಿನ ಅಣುಗಳಷ್ಟಾದಾಗ ಅದೇ ವಾಲಿಕೆ ನಿಯಮವಾಗಿ ಗಟ್ಟಿಗೊಳ್ಳುತ್ತದೆ, ಆರಿದ ನೀರು ತಾನಾಗಿ ಬಿಸಿಯಾಗುವುದಿಲ್ಲ. ಜಿಜ್ಞಾಸು ಮನೆಯಲ್ಲಿ ಬೈಸಿಕೊಂಡ ಪ್ರಶ್ನೆಗೆ ಇದೇ ಉತ್ತರ.

ಪರೀಕ್ಷೆ ಏನೆಂದರೆ: ಯಾವ ಪುಸ್ತಕ ಮೊದಲ ನೂರು ಪುಟದೊಳಗೆ ವಿದ್ಯಾರ್ಥಿಯ ಕೈಯಲ್ಲಿ ಇಂಥ ಸಣ್ಣ ಎಣಿಕೆಯನ್ನು ಪೂರ್ತಿ ಮಾಡಿಸುತ್ತದೆಯೋ ಅದು ಮೊದಲ ಪುಸ್ತಕವಾಗಲು ಯೋಗ್ಯ. ಸ್ಟರ್ಲಿಂಗ್ ಅಂದಾಜನ್ನು ಮೊದಲೇ ತಂದು ದೊಡ್ಡ ಸಂಖ್ಯೆಗಳಿಗೆ ಜಿಗಿಯುವ ಪುಸ್ತಕದಲ್ಲಿ ವಿದ್ಯಾರ್ಥಿ ಸೂತ್ರವನ್ನು ನಂಬುತ್ತಾನೆ, ಆದರೆ ಎಣಿಸಿರುವುದಿಲ್ಲ. ನಂಬಿದ್ದು ಪರೀಕ್ಷೆಯವರೆಗೆ ಬರುತ್ತದೆ. ಎಣಿಸಿದ್ದು ಆಮೇಲೂ ಉಳಿಯುತ್ತದೆ. ಇಷ್ಟು ಹೇಳಲಿಕ್ಕೇ ಈ ಪ್ರಬಂಧ, ಉಳಿದದ್ದು ಅಲಂಕಾರ.

ಎರಡನೆಯದು ಬಿಳಿಗಿರಿ ಪರೀಕ್ಷೆ. ಯಳಂದೂರಿನಿಂದ ಬೆಟ್ಟಕ್ಕೆ ಎಂಟುನೂರು ಮೀಟರ್ ಏರಿಕೆ ಎಂದು ಇಟ್ಟುಕೊಳ್ಳೋಣ. ಗಾಳಿಯ ಅಣುವೊಂದನ್ನು ಅಷ್ಟು ಎತ್ತರಕ್ಕೆ ಒಯ್ಯಲು ಬೇಕಾದ ಶಕ್ತಿಯನ್ನು ತಾಪದ ಶಕ್ತಿಯಿಂದ ಭಾಗಿಸಿ, ಬೋಲ್ಟ್ಸ್‌ಮನ್ ಹೇಳಿದಂತೆ ಘಾತಕ್ಕೆ ಏರಿಸಿದರೆ, ಬೆಟ್ಟದ ಮೇಲಿನ ಒತ್ತಡ ಕೆಳಗಿನದಕ್ಕಿಂತ ನೂರಕ್ಕೆ ಸುಮಾರು 9 ಪಾಲು ಕಡಿಮೆ ಎಂದು ಬರುತ್ತದೆ. ನೀರು ಎರಡೂವರೆ ಡಿಗ್ರಿ ಮೊದಲೇ ಕುದಿಯುತ್ತದೆ, ಬೇಳೆ ಬೇಯಲು ತಡವಾಗುತ್ತದೆ. ಇದೇ ಸೂತ್ರವನ್ನು 1908ರ ಸುಮಾರಿಗೆ ಫ್ರಾನ್ಸಿನ ಪೆರ‍್ಯಾಂ ಗಾಳಿಯ ಬದಲು ನೀರಿನಲ್ಲಿ ತೇಲುವ ಗ್ಯಾಂಬೋಜ್ ಕಣಗಳ ಮೇಲೆ ಪ್ರಯೋಗಿಸಿದ. ಗ್ಯಾಂಬೋಜ್ ಎಂದರೆ ನಮ್ಮ ಮುರುಗಲಿನ ಕುಲಕ್ಕೇ ಸೇರಿದ ಮರಗಳ ಹಳದಿ ಅಂಟು. ಗಾಳಿಗೆ ಕಿಲೋಮೀಟರುಗಟ್ಟಲೆ ಬೇಕಾದ ಇಳಿಕೆ ಆ ಕಣಗಳಿಗೆ ಕೂದಲೆಳೆಯ ದಪ್ಪಕ್ಕಿಂತ ಕಡಿಮೆ ಎತ್ತರದಲ್ಲೇ ಆಯಿತು; ಸೂಕ್ಷ್ಮದರ್ಶಕದಲ್ಲಿ ಎಣಿಸಿ, ಅಣುಗಳು ನಿಜವೆಂದು ಹಠಮಾರಿಗಳನ್ನೂ ಒಪ್ಪಿಸಿ, 1926ರಲ್ಲಿ ನೊಬೆಲ್ ಪಡೆದ.

ಈ ಪರೀಕ್ಷೆಯಲ್ಲಿ ರೈಫ್ ಪಾಸು. ಕಿಟ್ಟೆಲ್ ಮತ್ತು ಕ್ರೋಮರ್ ರಾಸಾಯನಿಕ ವಿಭವದ ದಾರಿಯಲ್ಲಿ ಬಂದು ಪಾಸು. ಶ್ರೋಡರ್ ಒಂದೇ ಸೂತ್ರವನ್ನು ಬೇರೆ ಬೇರೆ ಅಧ್ಯಾಯಗಳಲ್ಲಿ ಬೇರೆ ಬೇರೆ ದಾರಿಯಿಂದ ವಿದ್ಯಾರ್ಥಿಯ ಕೈಯಲ್ಲೇ ತೆಗೆಸುತ್ತಾನೆ. ಬೆಟ್ಟಕ್ಕೆ ಯಳಂದೂರಿನ ಕಡೆಯಿಂದಲೂ ಚಾಮರಾಜನಗರದ ಕಡೆಯಿಂದಲೂ ಹೋಗಬಹುದೆಂದು ಬಲ್ಲವರಿಗೆ ಇದರ ಸುಖ ಗೊತ್ತು.

ಇಲ್ಲೊಂದು ಸಣ್ಣ ಆಕ್ಷೇಪ. ಫರ್ಮಿ ಮತ್ತು ಡಿರಾಕ್ ಎಣಿಕೆಯನ್ನು ವಿವರಿಸುವ ಮೇಷ್ಟ್ರುಗಳು ಬಸ್ಸಿನ ಸೀಟಿನ ಉದಾಹರಣೆ ಕೊಡುತ್ತಾರೆ: ಒಂದು ಸೀಟಿಗೆ ಒಬ್ಬರೇ. ಅಮಾವಾಸ್ಯೆಯ ದಿನ ಹನೂರಿನಲ್ಲಿ ಮಲೆ ಮಹದೇಶ್ವರ ಬೆಟ್ಟದ ಬಸ್ಸು ಹತ್ತಿದವರ ಮುಂದೆ ಈ ಉದಾಹರಣೆ ನಿಲ್ಲದು. ಆ ಬಸ್ಸಿನಲ್ಲಿರುವುದು ಅಪ್ಪಟ ಬೋಸ್ ಎಣಿಕೆ. ಒಂದೇ ಸ್ಥಿತಿಯಲ್ಲಿ ಎಷ್ಟು ಜನ ಬೇಕಾದರೂ ಇರಬಹುದು, ತಾಳಬೆಟ್ಟದಲ್ಲಿ ಇನ್ನೂ ನಾಲ್ಕು ಜನ ಹತ್ತುತ್ತಾರೆ.

ಪೂರ್ವಪಕ್ಷ

ಪುಸ್ತಕವೇ ಯಾಕೆ, ಎನ್‌ಪಿಟಿಇಎಲ್ ಪಾಠಗಳು ಫೋನಿನಲ್ಲಿ ಪುಕ್ಕಟೆ ಸಿಗುತ್ತವಲ್ಲ ಎಂದರೆ: ಸಿಗುತ್ತವೆ, ಒಳ್ಳೆಯವೂ ಹೌದು, ನೋಡಬೇಕು. ಆದರೆ ಅಳಗುಳಿ ಎಣಿಕೆಯನ್ನು ನೋಡಿದವನು ಎಣಿಸಿದವನಲ್ಲ. ಸಿಗ್ನಲ್ ಸಿಗದ ಕಾಡಿನ ದಾರಿಯಲ್ಲೂ ಪುಸ್ತಕ ನಿಲ್ಲುವುದಿಲ್ಲ ಎಂಬುದು ಇನ್ನೊಂದು ಉತ್ತರ.

ನಿರ್ಣಯ ಮತ್ತು ಹಂಚಿಕೆ

ಪರೀಕ್ಷಾರ್ಥಿಗೆ ಬ್ರಿಜ್ ಲಾಲ್, ಸಂಕೋಚ ಬೇಡ. ಜೊತೆಗೆ ಶ್ರೋಡರ್‌ನ ಎರಡನೆಯ ಅಧ್ಯಾಯವೊಂದನ್ನಾದರೂ ಓದಬೇಕು. ಪ್ರವೇಶಾರ್ಥಿಗೆ ಶ್ರೋಡರ್ ಆಮೇಲೆ ರೈಫ್. ಜಿಜ್ಞಾಸುವಿಗೆ ಶ್ರೋಡರ್, ರೇಷ್ಮೆ ಮನೆಯವನಾದರೆ ಡಿಲ್ ಮತ್ತು ಬ್ರೋಂಬರ್ಗ್, ಎರಡನೆಯ ಪುಸ್ತಕವಾಗಿ ಹಿಲ್. ಹಿಲ್‌ನ ಡೋವರ್ ಮರುಮುದ್ರಣ ಇದೆ, ದಪ್ಪಕ್ಕೆ ಹೋಲಿಸಿದರೆ ಅಗ್ಗ. ಬೋಧಾರ್ಥಿಗೆ ಬ್ಲಂಡೆಲ್: ಭಾನುವಾರ ರಾತ್ರಿಗೆ ಅಧ್ಯಾಯದ ಅಳತೆ ಸರಿಹೋಗುತ್ತದೆ. ಶ್ರೋಡಿಂಗರ್ ಎಲ್ಲರಿಗೂ, ಆದರೆ ಯಾರಿಗೂ ಮೊದಲು ಅಲ್ಲ.

ಒಬ್ಬರೇ ಇಷ್ಟನ್ನೂ ಕೊಳ್ಳಲಾಗದು. ಆದ್ದರಿಂದ ಕೊಳ್ಳೇಗಾಲದಿಂದ ಒಬ್ಬರು, ಹನೂರಿನಿಂದ ಒಬ್ಬರು, ಯಳಂದೂರಿನಿಂದ ಒಬ್ಬರು ಸೇರಿ ಮೂರು ಪುಸ್ತಕ ಕೊಂಡು ಕೈ ಬದಲಾಯಿಸಿಕೊಳ್ಳಬೇಕು. ಮೂರು ಬೇರೆ ಬೇರೆ ಪುಸ್ತಕಗಳು ಮೂವರಲ್ಲಿ ಹೇಗಾದರೂ ಹಂಚಿಹೋಗಲು 27 ಬಗೆಗಳಿವೆ. ಮೂರೂ ಒಬ್ಬರ ಮನೆಯಲ್ಲೇ ಕೂತುಬಿಡುವ ಬಗೆ ಅದರಲ್ಲಿ 3, ಅಂದರೆ ಒಂಬತ್ತರಲ್ಲೊಂದು ಪಾಲು. ಬಸ್ ಸ್ಟ್ಯಾಂಡಿನ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಒಂದೇ ಪುಸ್ತಕದ ಮೂರು ಪ್ರತಿ ತೆಗೆಸಿ, ಯಾವುದು ಯಾರದೆಂದು ಗುರುತೇ ಇಲ್ಲದಂತೆ ಹಂಚಿದರೆ ಬಗೆಗಳು 10ಕ್ಕೆ ಇಳಿಯುತ್ತವೆ, ಆದರೆ ಮೂರೂ ಒಂದೇ ಕಡೆ ಸೇರುವ ಬಗೆ 3ರಲ್ಲೇ ನಿಲ್ಲುತ್ತದೆ. ಹತ್ತೂ ಬಗೆ ಸಮಸಂಭವವೆಂದರೆ ಹತ್ತರಲ್ಲಿ ಮೂರು ಪಾಲು! 1924ರಲ್ಲಿ ಢಾಕಾದಿಂದ ಸತ್ಯೇಂದ್ರನಾಥ ಬೋಸ್ ಐನ್‌ಸ್ಟೈನ್‌ಗೆ ಬರೆದು ಕಳಿಸಿದ್ದು ಬೆಳಕಿನ ಕಣಗಳ ಬಗ್ಗೆ ಇಂಥದೇ ಲೆಕ್ಕ. ಹಾಸ್ಟೆಲ್ಲಿನಲ್ಲಿ ನೋಟ್ಸ್ ಎಲ್ಲ ಯಾವಾಗಲೂ ಒಬ್ಬನ ಟ್ರಂಕಿನಲ್ಲೇ ಸಿಗುವುದಕ್ಕೂ ಇದೇ ಕಾರಣವೆಂದು ಕೆಲವರು ವಾದಿಸುತ್ತಾರೆ. ನಿಜವಾದ ಜೆರಾಕ್ಸ್ ಪ್ರತಿಗಳು ಟೀ ಕಲೆಯಿಂದಲೇ ಬೇರೆ ಬೇರೆಯಾಗುತ್ತವೆ, ಆದ್ದರಿಂದ ಈ ವಾದ ನಿಲ್ಲುವುದಿಲ್ಲ. ಆದರೂ ಮೊದಲ ಪುಟದಲ್ಲಿ ಹೆಸರು, ಊರು, ರಿಜಿಸ್ಟರ್ ನಂಬರು ಬರೆದಿಡುವುದು ಕ್ಷೇಮ. 27ಕ್ಕೆ ಮರಳಲು ಅದಕ್ಕಿಂತ ಅಗ್ಗದ ದಾರಿ ಶಾಸ್ತ್ರದಲ್ಲಿಲ್ಲ.